ಮೋಟಾರು ಎಂಜಿನ್ನಿನ ಪಟ್ಟಾ ಪದೇಪದೇ ಸಾಲು ತಪ್ಪುವುದು: ಅದರ ಕಾರಣಗಳ ಶೋಧನೆ

ಜೇವರ್ಗಿ, ಅಫಜಲಪುರ ಮತ್ತು ಆಳಂದ ಸೀಮೆಗಳ ಎರೆಭೂಮಿಯಲ್ಲಿ ಒಕ್ಕಲುತನ ನಡೆಯಿಸುವ ಜಮೀನುದಾರರಲ್ಲಿ ಅನೇಕರು ಟ್ರ್ಯಾಕ್ಟರನ್ನೋ ಜೀಪನ್ನೋ ಕಾರನ್ನೋ ಇಟ್ಟುಕೊಂಡಿರುವರು. ಇಜೇರಿಯಂಥ ಗ್ರಾಮದಿಂದ ತೊಗರಿಯನ್ನು ಕಲಬುರಗಿಯ ಮಾರುಕಟ್ಟೆಗೆ ಮುಟ್ಟಿಸುವುದಕ್ಕೂ, ಬಿತ್ತಿಗೆಯ ಕಾಲದಲ್ಲಿ ಬೀಜ ಗೊಬ್ಬರಗಳನ್ನು ತರುವುದಕ್ಕೂ, ಅಪರಾತ್ರಿಯಲ್ಲಿ ರೋಗಿಯನ್ನು ದವಾಖಾನೆಗೆ ಒಯ್ಯುವುದಕ್ಕೂ ಈ ವಾಹನಗಳೇ ಆಧಾರವಾಗಿರುವುವು. ಇಂಥ ವಾಹನವು ನಡುದಾರಿಯಲ್ಲಿ ನಿಲ್ಲುವುದಕ್ಕೆ ದೊಡ್ಡ ಭಾಗವೇ ಮುರಿಯಬೇಕೆಂದಿಲ್ಲ; ಎಂಜಿನ್ನಿನ ಮುಂಬದಿಯಲ್ಲಿ ಸುತ್ತುವ ರಬ್ಬರಿನ ಒಂದು ಪಟ್ಟಾ ತನ್ನ ಸಾಲು ಬಿಟ್ಟು ಹೊರಬಿದ್ದರೂ ಸಾಕು. ಪಟ್ಟಾ ಒಮ್ಮೆ ಹೋದರೆ ಅದನ್ನು ಸವೆತವೆನ್ನಬಹುದು. ಹೊಸದನ್ನು ಹಾಕಿದ ಮೇಲೆಯೂ ಅದು ಮತ್ತೆ ಮತ್ತೆ ಸಾಲು ತಪ್ಪುತ್ತಿದ್ದರೆ ದೋಷವು ಪಟ್ಟಾದಲ್ಲಿ ಇರುವುದಿಲ್ಲ, ಅದನ್ನು ನಡೆಯಿಸುವ ಗಾಲಿಗಳಲ್ಲಿ ಇರುವುದು. ಆ ದೋಷವನ್ನು ಕಂಡುಹಿಡಿಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಪಟ್ಟಾದ ಸ್ವರೂಪ

ಎಂಜಿನ್ನಿನ ಕ್ರ್ಯಾಂಕಿನ ತುದಿಯಲ್ಲಿರುವ ಗಾಲಿಯಿಂದ ಶಕ್ತಿಯನ್ನು ಪಡೆದು, ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಆಲ್ಟರ್ನೇಟರನ್ನೂ, ಅನೇಕ ಎಂಜಿನ್ನುಗಳಲ್ಲಿ ತಂಪುನೀರಿನ ಪಂಪನ್ನೂ, ಸ್ಟಿಯರಿಂಗಿನ ಎಣ್ಣೆಯ ಪಂಪನ್ನೂ, ಹವೆಯನ್ನು ತಂಪುಗೊಳಿಸುವ ಕಂಪ್ರೆಸರನ್ನೂ ತಿರುಗಿಸುವುದು ಈ ಪಟ್ಟಾದ ಕೆಲಸ. ಮೊದಲಿಗೆ ಕಾರ್ಖಾನೆಗಳಲ್ಲಿ ಚರ್ಮದ ಚಪ್ಪಟೆ ಪಟ್ಟಾಗಳೇ ಬಳಕೆಯಲ್ಲಿದ್ದುವು. 1917ರಲ್ಲಿ ಅಮೇರಿಕದ ಜಾನ್ ಗೇಟ್ಸ್ ಎಂಬವನು ರಬ್ಬರು ಮತ್ತು ನೂಲಿನಿಂದ ಕೂಡಿದ, ಅಡ್ಡಕೊಯ್ತದಲ್ಲಿ ‘ವಿ’ ಅಕ್ಷರದಂತಿರುವ ಪಟ್ಟಾವನ್ನು ಹೊರತಂದನು. ಟ್ರ್ಯಾಕ್ಟರಿನ ಪಂಖೆಯನ್ನು ತಿರುಗಿಸುವ ಪಟ್ಟಾ ಬಹುಮಟ್ಟಿಗೆ ಈ ಜಾತಿಯದೇ ಆಗಿರುವುದು. 1979ರಲ್ಲಿ ಫೋರ್ಡ್ ಕಂಪನಿಯ ಕಾರೊಂದರಲ್ಲಿ, ಎಲ್ಲ ಉಪಯಂತ್ರಗಳನ್ನೂ ಒಂದೇ ಪಟ್ಟಾ ಹಾವಿನಂತೆ ಸುತ್ತಿ ತಿರುಗಿಸುವ ಏರ್ಪಾಡು ಬಂದಿತು. ಈಗಿನ ಕಾರುಗಳಲ್ಲಿಯೂ ಜೀಪುಗಳಲ್ಲಿಯೂ ಕಾಣುವ ಗೆರೆಪಟ್ಟಾ ಇದೇ.

ಗೆರೆಪಟ್ಟಾದ ಒಳಮೈಯಲ್ಲಿ ಉದ್ದಕ್ಕೂ ನಾಲ್ಕು, ಐದು ಅಥವಾ ಆರು ಏಣುಗಳಿರುವುವು. ಅವು ಗಾಲಿಗಳ ಮೇಲಿನ ಅಷ್ಟೇ ಗಾಡಿಗಳಲ್ಲಿ ಕುಳಿತು ಓಡಬೇಕು. ಒಂದು ಏಣಿನಿಂದ ಇನ್ನೊಂದಕ್ಕೆ ಇರುವ ಅಂತರವು ಸುಮಾರು 3½ ಮಿಲಿಮೀಟರು ಮಾತ್ರ. ಕೂರಿಗೆಯಿಂದ ಬಿತ್ತಿದ ಹೊಲದಲ್ಲಿ ಎಡೆಕುಂಟೆ ಹೊಡೆಯುವವನು ಒಂದು ಸಾಲು ತಪ್ಪಿದರೆ ಮುಂದಿನ ಸಾಲುಗಳೆಲ್ಲವೂ ತಪ್ಪಿ ಸಸಿಗಳು ಕಿತ್ತುಬರುವುವಷ್ಟೆ. ಪಟ್ಟಾದ ಸ್ಥಿತಿಯೂ ಅದೇ. ಒಂದು ಏಣು ಪಕ್ಕದ ಗಾಡಿಗೆ ಹಾರಿದೊಡನೆ ಅಂಚಿನ ಏಣು ಗಾಲಿಯ ಹೊರಗೆ ಆಧಾರವಿಲ್ಲದೆ ನೇತಾಡುವುದು; ಅದು ಸೀಳಿ ದಾರದಂತೆ ಬಿಚ್ಚಿಕೊಳ್ಳುವುದು. ಕೆಲವು ಎಂಜಿನ್ನುಗಳಲ್ಲಿ ಈ ಸೀಳುದಾರವು ಕ್ರ್ಯಾಂಕಿನ ಗಾಲಿಯ ಹಿಂದೆ ಸುತ್ತಿಕೊಂಡು ಒಳಗಿನ ಟೈಮಿಂಗ್ ಪಟ್ಟಾದೊಳಕ್ಕೆ ಎಳೆಯಲ್ಪಡುವುದುಂಟು. ಹಾಗಾದಲ್ಲಿ ವಾಲ್ವುಗಳು ಪಿಸ್ಟನ್ನಿಗೆ ತಾಗಿ ಎಂಜಿನ್ನೇ ಕೆಡುವುದು. ಕೆಲವು ನೂರು ರೂಪಾಯಿಗಳ ಪಟ್ಟಾದ ವಿಷಯದಲ್ಲಿ ತೋರುವ ಉದಾಸೀನವು ಹಲವು ಸಾವಿರಗಳ ನಷ್ಟಕ್ಕೆ ಎಡೆಗೊಡುವುದು ಹೀಗೆ.

ಒಂದು ಉದಾಹರಣೆ

ಇಜೇರಿಯ ಒಬ್ಬ ಜಮೀನುದಾರರ ಜೀಪನ್ನು ನಿದರ್ಶನಕ್ಕಾಗಿ ಭಾವಿಸಿಕೊಳ್ಳಬಹುದು. ಯುಗಾದಿಯಿಂದ ಕಾರಹುಣ್ಣಿಮೆಯೊಳಗೆ ಅದಕ್ಕೆ ಮೂರು ಪಟ್ಟಾಗಳನ್ನು ಹಾಕಲಾಯಿತು. ಮೊದಲಿನ ಎರಡು ಒಂದೊಂದು ತಿಂಗಳು ನಡೆದುವು. ಮೂರನೆಯದು ನಾಲ್ಕೇ ದಿವಸಗಳಲ್ಲಿ ಒಂದು ಗಾಡಿ ಹೊರಕ್ಕೆ ಸರಿಯಿತು. ಪಟ್ಟಾ ಕಳಪೆಯದೆಂದು ಮಾಲಕರು ಅಂಗಡಿಯವನ ಮೇಲೆ ಸಿಟ್ಟಾದರು. ಕಂಪನಿ ಬದಲಿಸಿ ನೋಡಿದರು, ಹೆಚ್ಚು ಬೆಲೆಯದನ್ನು ತಂದರು, ಬಿಗಿಯನ್ನೂ ಹೆಚ್ಚಿಸಿದರು. ಕೊನೆಗೆ ಜೀಪನ್ನು ನೋಡಿದ ಮೇಸ್ತ್ರಿಯು ಬಾನೆಟ್ಟನ್ನು ತೆರೆಯುವುದಕ್ಕೆ ಮೊದಲೇ ಒಂದು ಪ್ರಶ್ನೆ ಕೇಳಿದನು: “ಮೊದಲನೇ ಪಟ್ಟಾ ಹೋಗೂಕಿಂತ ಮುಂಚೆ ಗಾಡಿಗೆ ಏನು ಕೆಲಸ ಮಾಡಿಸಿದ್ರಿ, ಗೌಡ್ರೇ?”

ಈ ಪ್ರಶ್ನೆಯೇ ಶೋಧನೆಯ ಮೊದಲ ಮೆಟ್ಟಿಲೆಂದು ತಿಳಿಯತಕ್ಕದ್ದು. ಯಾತಕ್ಕೆಂದರೆ, ವರ್ಷಗಟ್ಟಲೆ ಸರಿಯಾಗಿ ಓಡಿದ ಪಟ್ಟಾ ಒಂದು ದಿವಸ ಸಾಲು ತಪ್ಪತೊಡಗಿದರೆ ಆ ನಡುವೆ ಏನೋ ಒಂದು ಬದಲಾಗಿರಲೇಬೇಕು. ಆ ಜೀಪಿನ ಆಲ್ಟರ್ನೇಟರನ್ನು ಫಾಲ್ಗುಣ ಮಾಸದಲ್ಲಿ ಸುರುಳಿ ಕಟ್ಟಿಸಲು ಬಿಚ್ಚಿ, ಮರಳಿ ಕೂಡಿಸಲಾಗಿತ್ತು. ಬಿಚ್ಚಿದಾಗ ಬೋಲ್ಟಿನ ಹಿಂದೆ ಇದ್ದ ದಪ್ಪನೆಯ ವಾಷರೊಂದು ತಿರುಗಿ ಸೇರಲಿಲ್ಲ. ಅದರ ದಪ್ಪವು ಎರಡು ಮಿಲಿಮೀಟರು. ಅಷ್ಟರಿಂದ ಏನಾದೀತೆಂದು ತೋರುವುದು ಸಹಜ. ಆದರೆ ಏಣುಗಳ ನಡುವಣ ಅಂತರವೇ ಮೂರೂವರೆ ಮಿಲಿಮೀಟರೆಂಬುದನ್ನು ನೆನೆದರೆ, ಎರಡು ಮಿಲಿಮೀಟರೆಂದರೆ ಅರ್ಧ ಸಾಲಿಗಿಂತ ಹೆಚ್ಚೆಂಬುದು ಗೊತ್ತಾಗುವುದು.

ಹಳೆಯ ಪಟ್ಟಾದ ಸಾಕ್ಷ್ಯ

ಕೆಟ್ಟ ಪಟ್ಟಾವನ್ನು ಅಂಗಡಿಯಲ್ಲಿಯೇ ಎಸೆದು ಬರುವುದು ದೊಡ್ಡ ತಪ್ಪು. ಅದು ಕಾಗದಪತ್ರದಷ್ಟೇ ನಂಬತಕ್ಕ ಸಾಕ್ಷ್ಯವಾಗಿರುವುದು. ಒಂದೇ ಅಂಚು ಎಳೆಯೆಳೆಯಾಗಿ ಬಿಚ್ಚಿದ್ದರೆ ಗಾಲಿಗಳ ಸಾಲು ತಪ್ಪಿದೆಯೆಂದೂ, ಏಣುಗಳ ಒಂದೇ ಮಗ್ಗುಲು ಮಿರುಗುವಂತೆ ಸವೆದಿದ್ದರೆ ಪಟ್ಟಾ ಓರೆಯಾಗಿ ಗಾಲಿಯನ್ನು ಪ್ರವೇಶಿಸುತ್ತಿದೆಯೆಂದೂ ಅರ್ಥ. ಏಣುಗಳು ಊದಿ ಮೆತ್ತಗಾಗಿದ್ದರೆ ಎಣ್ಣೆ ತಗುಲಿದೆ. ಆಗ ಮೊದಲು ಎಣ್ಣೆಯ ಸೋರಿಕೆಯನ್ನು ನಿಲ್ಲಿಸತಕ್ಕದ್ದು. ಏಣುಗಳ ನಡುವೆ ಅಲ್ಲಲ್ಲಿ ಸಣ್ಣ ಹರಳುಗಳು ನಾಟಿದ ಗುರುತಿದ್ದರೆ ಗಾಲಿಯ ಗಾಡಿಯಲ್ಲಿ ಕಸವು ಗಟ್ಟಿಯಾಗಿ ಕುಳಿತಿರಬಹುದು. ಎರೆಮಣ್ಣಿನ ಸೀಮೆಯಲ್ಲಿ ಇದು ವಿರಳವಲ್ಲ. ಮಳೆಗಾಲದಲ್ಲಿ ಹಾರಿದ ಕೆಸರು ಗಾಡಿಯಲ್ಲಿ ಕುಳಿತು, ಎಂಜಿನ್ನಿನ ಕಾವಿಗೆ ಇಟ್ಟಿಗೆಯಂತೆ ಗಟ್ಟಿಯಾಗುವುದು. ಆ ಗಾಡಿಯಲ್ಲಿ ಏಣು ಆಳಕ್ಕೆ ಇಳಿಯಲಾರದೆ ಮೇಲೆಯೇ ತೇಲುವುದು, ಬಳಿಕ ಪಕ್ಕಕ್ಕೆ ಹಾರುವುದು. ಮೊನೆಯುಳ್ಳ ಕಟ್ಟಿಗೆಯ ಕಡ್ಡಿಯಿಂದ ಅದನ್ನು ಕೆದಕಿ ತೆಗೆದು ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಇದೊಂದರಿಂದಲೇ ದೋಷವು ನಿವಾರಣೆಯಾಗುವುದೂ ಉಂಟು.

ಪಟ್ಟಾದಲ್ಲಿ ಬಿರುಕುಗಳಿಲ್ಲದಿದ್ದರೆ ಅದು ಒಳ್ಳೆಯದಿದೆಯೆಂದು ಭಾವಿಸುವ ರೂಢಿಯು ಹಿಂದಿನ ಕಾಲದ ರಬ್ಬರಿಗೆ ಒಪ್ಪುತ್ತಿತ್ತು. ಇತ್ತೀಚಿನ ಪಟ್ಟಾಗಳ ರಬ್ಬರು ಬಿರುಕು ಬಿಡದೆ, ಟಾಯರಿನಂತೆ ಮೆಲ್ಲಗೆ ಸವೆಯುವ ಜಾತಿಯದು. ಆದುದರಿಂದ ಏಣುಗಳ ಎತ್ತರವನ್ನು ಹೊಸ ಪಟ್ಟಾದೊಡನೆ ಹೋಲಿಸಿ ನೋಡತಕ್ಕದ್ದು.

ಪಟ್ಟಾದ ಬೆನ್ನಿನ ಮೇಲಿನ ಅಂಕೆಗಳನ್ನೂ ಓದಬೇಕು. ‘6 ಪಿಕೆ 1750’ ಎಂದಿದ್ದರೆ ಆರು ಏಣುಗಳು, 1750 ಮಿಲಿಮೀಟರು ಉದ್ದ ಎಂದರ್ಥ. ಅಂಗಡಿಯಲ್ಲಿ ಆರರದು ಸಿಕ್ಕದೆ ಐದರದನ್ನು ಹಾಕಿಕೊಂಡು ಬಂದವರೂ ಇರುವರು. ಅದನ್ನು ಎಷ್ಟು ಸರಿಯಾಗಿ ಕೂಡಿಸಿದರೂ ಒಂದು ಗಾಡಿ ಬರಿದಾಗಿಯೇ ಉಳಿಯುವುದು. ಎಲ್ಲ ಗಾಲಿಗಳಲ್ಲಿಯೂ ಒಂದೇ ಗಾಡಿಯನ್ನು ಬಿಟ್ಟು ಕೂಡಿಸದಿದ್ದರೆ ಪಟ್ಟಾ ಓಡುವಷ್ಟು ಹೊತ್ತೂ ಓರೆಯಾಗಿಯೇ ಓಡುವುದು.

ಸಾಲು ನೋಡುವ ಬಗೆ

ಇನ್ನು ಮುಂದಿನ ಪರೀಕ್ಷೆಗಳನ್ನು ಎಂಜಿನ್ನನ್ನು ನಿಲ್ಲಿಸಿ, ಬೀಗದ ಕೈಯನ್ನು ಕಿಸೆಯಲ್ಲಿ ಇಟ್ಟುಕೊಂಡೇ ಮಾಡತಕ್ಕದ್ದು. ಕೆಲವು ವಾಹನಗಳ ವಿದ್ಯುತ್ ಪಂಖೆಯು ಎಂಜಿನ್ನು ನಿಂತ ಮೇಲೆಯೂ ತಾನಾಗಿ ತಿರುಗುವುದು. ಹೆಗಲ ಮೇಲಿನ ಟಾವೆಲು, ಧೋತರದ ಚುಂಗು, ಸಡಿಲಾದ ತೋಳು ಇವುಗಳನ್ನು ಮೊದಲು ಕಟ್ಟಿಕೊಳ್ಳಬೇಕು.

ಗಾಲಿಗಳು ತಪ್ಪುವ ಬಗೆಗಳು ಮೂರು. ಒಂದು ಗಾಲಿಯು ಉಳಿದವುಗಳ ಸಾಲಿಗಿಂತ ಹಿಂದಕ್ಕೋ ಮುಂದಕ್ಕೋ ನಿಂತಿರಬಹುದು; ಇಲ್ಲವೆ ಅದು ಸಾಲಿನಲ್ಲಿಯೇ ಇದ್ದು ತಲೆ ವಾಲಿಸಿರಬಹುದು; ಇಲ್ಲವೆ ತಿರುಗುವಾಗ ಮಾತ್ರ ಹೊಯ್ದಾಡಬಹುದು. ಮೊದಲನೆಯದಕ್ಕೆ ಕಾರಣವು ಹೆಚ್ಚಾಗಿ ಜೋಡಣೆಯ ತಪ್ಪು, ಎರಡನೆಯದಕ್ಕೆ ಸಡಿಲಾದ ಬೋಲ್ಟು ಅಥವಾ ಸವೆದ ತೋಳು, ಮೂರನೆಯದಕ್ಕೆ ಬೇರಿಂಗು.

ನೇರವಾದ ಉಕ್ಕಿನ ಪಟ್ಟಿಯೊಂದನ್ನು ಎರಡು ಗಾಲಿಗಳ ಮುಖಕ್ಕೆ ತಾಗಿಸಿ ಹಿಡಿದರೆ ಅದು ಎರಡರ ಎರಡೂ ಅಂಚುಗಳಿಗೆ, ಅಂದರೆ ನಾಲ್ಕು ಕಡೆಗಳಲ್ಲಿ, ಮುಟ್ಟಬೇಕು. ಒಂದು ಗಾಲಿಯ ಎರಡೂ ಅಂಚುಗಳಿಂದ ಸಮನಾಗಿ ದೂರವಿದ್ದರೆ ಆ ಗಾಲಿ ಹಿಂದೆ ಸರಿದಿದೆ. ಒಂದು ಅಂಚಿಗೆ ಮುಟ್ಟಿ ಇನ್ನೊಂದಕ್ಕೆ ಮುಟ್ಟದಿದ್ದರೆ ಅದು ವಾಲಿದೆ. ಆದರೆ ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಎಲ್ಲ ಗಾಲಿಗಳ ಹೊರ ಅಂಚಿನ ದಪ್ಪವು ಒಂದೇ ಆಗಿರುವುದಿಲ್ಲ. ಆದಕಾರಣ ಅಂಚಿನಿಂದಲ್ಲ, ಮೊದಲನೆಯ ಗಾಡಿಯಿಂದಲೇ ಅಳೆಯುವುದು ಕ್ರಮ. ಸಣ್ಣ ದುಂಡು ಸಲಾಕೆಯೊಂದನ್ನು ಒಂದು ಗಾಲಿಯ ಗಾಡಿಯಲ್ಲಿ ಮಲಗಿಸಿದರೆ ಅದರ ತುದಿಯು ಪಕ್ಕದ ಗಾಲಿಯ ಅದೇ ಗಾಡಿಯ ಕಡೆಗೆ ಬೆರಳು ಮಾಡಿ ತೋರಿಸಬೇಕು. ಮೇಲೆ ಹೇಳಿದ ಜೀಪಿನಲ್ಲಿ ದೋಷವು ಬಯಲಾದುದು ಈ ಸಲಾಕೆಯಿಂದಲೇ. ಗಾಲಿಗಳ ನಡುವಣ ಒಂದು ಅಡಿ ಅಂತರಕ್ಕೆ ಒಂದು ಅಂಗುಲದ ಹದಿನಾರನೆಯ ಒಂದು ಭಾಗ, ಅಂದರೆ ಸುಮಾರು ಒಂದೂವರೆ ಮಿಲಿಮೀಟರಿನಷ್ಟು ತಪ್ಪನ್ನು ಗೆರೆಪಟ್ಟಾ ಸಹಿಸಬಲ್ಲುದು. ಅರ್ಧ ಅಡಿಯ ಅಂತರಕ್ಕೆ ಅದರ ಅರ್ಧವೇ ಮಿತಿ. ‘ವಿ’ ಪಟ್ಟಾ ಇದಕ್ಕಿಂತ ತುಸು ಹೆಚ್ಚನ್ನು ತಾಳಿಕೊಳ್ಳುವುದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಈ ದೋಷವು ಅಷ್ಟಾಗಿ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಪಟ್ಟಾ ಯಾವ ಗಾಲಿಯ ಮೇಲೆ ಹಾರುತ್ತದೆಯೋ ಅದೇ ಅಪರಾಧಿಯೆಂದು ತೀರ್ಮಾನಿಸಬಾರದು. ಪಟ್ಟಾವನ್ನು ಓರೆಯಾಗಿ ಕಳುಹಿಸಿದುದು ಅದರ ಹಿಂದಿನ ಗಾಲಿಯಾಗಿರಬಹುದು. ಆದಕಾರಣ ಹಾರಿದ ಜಾಗದಿಂದ ಹಿಮ್ಮುಖವಾಗಿ, ಪಟ್ಟಾ ಬರುವ ದಿಕ್ಕಿನಲ್ಲಿ ಒಂದೊಂದೇ ಗಾಲಿಯನ್ನು ನೋಡುತ್ತ ಹೋಗತಕ್ಕದ್ದು. ಪಟ್ಟಾದ ಬೆನ್ನು ತಾಗುವ ನುಣುಪಾದ ಗಾಲಿಗಳು ಇಲ್ಲಿ ಬಹಳ ಉಪಕಾರಿಗಳು. ಅವುಗಳ ಮೇಲೆ ಪಟ್ಟಾ ಓಡಿದ ಹಾದಿಯು ಕನ್ನಡಿಯಂತೆ ಮಿರುಗುವುದು. ಆ ಹಾದಿಯು ನಟ್ಟನಡುವೆ ಇರದೆ ಒಂದು ಅಂಚಿಗೆ ಸರಿದಿದ್ದರೆ ಪಟ್ಟಾ ಎತ್ತ ಎಳೆಯುತ್ತಿದೆಯೆಂಬುದು ಅಳತೆಯಿಲ್ಲದೆಯೇ ತಿಳಿಯುವುದು.

ಬಳಿಕ ಪಟ್ಟಾವನ್ನು ತೆಗೆದು ಪ್ರತಿಯೊಂದು ಗಾಲಿಯನ್ನೂ ಕೈಯಿಂದ ತಿರುಗಿಸಿ, ಅಲುಗಿಸಿ ನೋಡಬೇಕು. ಗೊರಗೊರ ಸಪ್ಪಳ, ತಡೆತಡೆದು ತಿರುಗುವುದು, ಹಿಂದೆಮುಂದೆ ಅಲುಗುವುದು ಇವು ಬೇರಿಂಗು ಹೋದ ಲಕ್ಷಣಗಳು. ಪಟ್ಟಾವನ್ನು ಬಿಗಿಹಿಡಿಯುವ ಸ್ಪ್ರಿಂಗಿನ ತೋಳನ್ನು, ಅಂದರೆ ಮೆಕಾನಿಕರು ಟೆನ್ಶನರ್ ಎನ್ನುವ ಭಾಗವನ್ನು, ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಅದು ಅಲುಗಬಾರದು. ತನ್ನ ಕಮಾನಿನ ದಾರಿಯಲ್ಲಿ ಮಾತ್ರ ಚಲಿಸಬೇಕು. ಅದರ ಬುಡದ ಬುಶ್ ಸವೆದಿದ್ದರೆ ನಿಂತಾಗ ಸರಿಯಾಗಿ ಕಂಡ ಗಾಲಿಯು ಭಾರ ಬಿದ್ದೊಡನೆ ವಾಲುವುದು. ಸಾಲನ್ನು ಎಷ್ಟು ಸಾರಿ ಅಳೆದರೂ ತಪ್ಪು ಸಿಕ್ಕದೆ, ಪಟ್ಟಾ ಮಾತ್ರ ಹಾರುತ್ತಲೇ ಇದ್ದರೆ ಮೊದಲು ಸಂಶಯಪಡತಕ್ಕದ್ದು ಇದನ್ನೇ. ಇಜೇರಿಯ ಜೀಪಿನಲ್ಲಿ ವಾಷರನ್ನು ಹಾಕಿದ ಮೇಲೆ ಪಟ್ಟಾ ಒಂದು ವಾರ ನೆಟ್ಟಗೆ ಓಡಿ ಮತ್ತೆ ಸರಿಯತೊಡಗಿತೆಂದು ಭಾವಿಸಿದರೆ, ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಮೂರು ತಿಂಗಳು ಓರೆಯಾಗಿ ಎಳೆದ ಪಟ್ಟಾ ತೋಳಿನ ಬುಶ್ಶನ್ನೂ ಸವೆಯಿಸಿರುವುದು. ಮೊದಲ ದೋಷವು ಎರಡನೆಯದನ್ನು ಹುಟ್ಟಿಸಿ ತಾನು ಹೋಗುವುದು. ಆಗ ಮೊದಲಿನ ಶೋಧನೆಯೇ ತಪ್ಪಾಗಿತ್ತೆಂದು ತಿಳಿದು ವಾಷರನ್ನು ತೆಗೆದುಹಾಕುವವರೂ ಉಂಟು.

ಬಿಗಿಯ ದೋಷವೋ ಸಾಲಿನ ದೋಷವೋ ಎಂಬುದನ್ನು ತಿಳಿಯಲು ಸುಲಭವಾದ ಒಂದು ಪರೀಕ್ಷೆಯಿರುವುದು. ಎಂಜಿನ್ನು ಮೆಲ್ಲಗೆ ಓಡುತ್ತಿರುವಾಗ ಪಟ್ಟಾ ಚಿಲಿಪಿಲಿಗುಟ್ಟುತ್ತಿದ್ದರೆ, ದೂರದಲ್ಲಿ ನಿಂತು ಸಿಂಪಡಿಸುವ ಬಾಟಲಿಯಿಂದ ಏಣುಗಳ ಮೇಲೆ ಸ್ವಲ್ಪ ನೀರನ್ನು ಚಿಮುಕಿಸಬೇಕು. ಸದ್ದು ಕ್ಷಣಕಾಲ ನಿಂತು ಮರಳಿ ಬಂದರೆ ಗಾಲಿಗಳ ಸಾಲು ತಪ್ಪಿದೆ; ಸದ್ದು ಹೆಚ್ಚಿದರೆ ಬಿಗಿಯು ಸಾಲದು. ಸಾಬೂನು, ಮೇಣ, ರಾಳ ಮುಂತಾದವುಗಳನ್ನು ಹಚ್ಚಿ ಸದ್ದು ಅಡಗಿಸುವ ಹಳೆಯ ಉಪಾಯವನ್ನು ಗೆರೆಪಟ್ಟಾದಲ್ಲಿ ಬಿಟ್ಟುಬಿಡುವುದೇ ಲೇಸು. ಅದರಿಂದ ಧೂಳು ಹಿಡಿಯುವುದಲ್ಲದೆ, ದೋಷವನ್ನು ತಿಳಿಸುತ್ತಿದ್ದ ಸದ್ದು ಮಾತ್ರ ಇಲ್ಲದಂತಾಗುವುದು.

ಕ್ರ್ಯಾಂಕಿನ ಗಾಲಿ

ಮೇಲಿನ ಯಾವುದರಲ್ಲಿಯೂ ತಪ್ಪು ಕಾಣದಿದ್ದರೆ ಕೆಳಗಿನ ದೊಡ್ಡ ಗಾಲಿಯನ್ನು ನೋಡತಕ್ಕದ್ದು. ಇದು ಒಂದೇ ಕಬ್ಬಿಣದ ತುಂಡೆಂದು ಬಹಳ ಮಂದಿ ತಿಳಿದಿರುವರು. ಅನೇಕ ಎಂಜಿನ್ನುಗಳಲ್ಲಿ ಅದು ಒಳಗಿನ ಗುಂಬ ಮತ್ತು ಹೊರಗಿನ ಬಳೆ ಎಂದು ಎರಡು ಭಾಗಗಳಾಗಿದ್ದು, ನಡುವೆ ರಬ್ಬರಿನ ಪದರವಿರುವುದು. ಎಂಜಿನ್ನು ಒಂದೊಂದು ಸಾರಿ ಸಿಡಿಯುವಾಗಲೂ ಕ್ರ್ಯಾಂಕಿನಲ್ಲಿ ಉಂಟಾಗುವ ತಿರುಚು ಕಂಪನವನ್ನು ಈ ಪದರವು ನುಂಗುವುದು. ವರ್ಷಗಳ ಕಾವಿನಿಂದಲೂ ಎಣ್ಣೆಯಿಂದಲೂ ರಬ್ಬರು ಬಿಟ್ಟುಕೊಂಡರೆ ಹೊರಗಿನ ಬಳೆಯು ಎಂಜಿನ್ನಿನ ಕಡೆಗೋ ಹೊರಕ್ಕೋ ತುಸುತುಸುವೇ ತೆವಳುವುದು. ಗುಂಬದಿಂದ ಬಳೆಯವರೆಗೆ ಬಿಳಿಯ ಬಣ್ಣದಿಂದ ಒಂದು ಗೆರೆಯನ್ನು ಎಳೆದು, ಎರಡು ದಿವಸ ವಾಹನವನ್ನು ಓಡಿಸಿ ನೋಡಬೇಕು. ಗೆರೆಯು ಮುರಿದು ಎರಡು ತುಂಡುಗಳು ಬೇರೆಬೇರೆ ಕಡೆಗೆ ಸರಿದಿದ್ದರೆ ಗಾಲಿಯು ಹೋಯಿತೆಂದೇ ತಿಳಿಯತಕ್ಕದ್ದು. ರಬ್ಬರು ಹೊರಗೆ ಉಬ್ಬಿ ಬಂದಿದ್ದರೂ ಹಾಗೆಯೇ. ಇಂಥ ಗಾಲಿಯ ಎರಡು ಭಾಗಗಳನ್ನು ವೆಲ್ಡಿಂಗು ಮಾಡಿಸಿ ನಡೆಯಿಸುವವರಿರುವರು. ಪಟ್ಟಾ ಆಗ ನೆಟ್ಟಗೆ ಓಡುವುದೇನೋ ನಿಜ. ಆದರೆ ಕಂಪನವನ್ನು ನುಂಗುವ ಪದರವು ಇಲ್ಲದಂತಾಗಿ ಅದರ ಪೆಟ್ಟೆಲ್ಲವೂ ಕ್ರ್ಯಾಂಕಿನ ಮೇಲೆಯೇ ಬೀಳುವುದು. ಹೊಸ ಗಾಲಿಯ ಬೆಲೆಯನ್ನು ಉಳಿಸಹೋಗಿ ಕ್ರ್ಯಾಂಕನ್ನು ಕಳೆದುಕೊಳ್ಳುವುದು ವಿವೇಕವಲ್ಲ.

ಹೊಸ ಪಟ್ಟಾವನ್ನು ಹಾಕುವಾಗ ತೋಳನ್ನು ಪಾನದಿಂದ ಹಿಂದಕ್ಕೆ ಒತ್ತಿ, ಪಟ್ಟಾವನ್ನು ಕೈಯಿಂದಲೇ ಕೂಡಿಸತಕ್ಕದ್ದು. ಸ್ಕ್ರೂಡ್ರೈವರನ್ನೋ ಹಾರೆಯನ್ನೋ ಸಿಕ್ಕಿಸಿ ಗಾಲಿಯ ಅಂಚಿನ ಮೇಲಿಂದ ಜಗ್ಗಿ ಏರಿಸಿದರೆ ಒಳಗಿನ ನೂಲು ಹರಿಯುವುದು. ಹೊರಗೆ ಏನೂ ಕಾಣದಿದ್ದರೂ ಅಂಥ ಪಟ್ಟಾ ಮೊದಲ ದಿವಸದಿಂದಲೇ ಪಕ್ಕಕ್ಕೆ ಎಳೆಯುವುದು. ‘ವಿ’ ಪಟ್ಟಾ ಆಗಿದ್ದರೆ ಗಾಡಿಯಲ್ಲಿಯೇ ಮಗುಚಿಕೊಳ್ಳುವುದು. ಟ್ರ್ಯಾಕ್ಟರಿನ ‘ವಿ’ ಪಟ್ಟಾವನ್ನು ಅತಿ ಉದ್ದವಾದ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗಬೇಕು. ಆ ಯಂತ್ರದ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಪ್ರಮಾಣ. ‘ವಿ’ ಪಟ್ಟಾದ ತಳವು ಗಾಡಿಯ ತಳಕ್ಕೆ ಮುಟ್ಟಬಾರದು. ಗಾಡಿಯ ತಳವು ಮಿರುಗುತ್ತಿದ್ದರೆ ಪಟ್ಟಾ ಅಥವಾ ಗಾಲಿ ಸವೆದಿದೆ.

ರಾಶಿಯ ಯಂತ್ರದ ಪಟ್ಟಾ

ತೊಗರಿಯು ಈ ಸೀಮೆಯ ಜೀವನಾಡಿ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆಯೂ ದೊರೆತಿರುವುದು. ಡಿಸೆಂಬರ್ ಜನವರಿಗಳಲ್ಲಿ ರಾಶಿ ನಡೆಯುವಾಗ ಚಪ್ಪಟೆ ಪಟ್ಟಾದಿಂದ ನಡೆಯುವ ಯಂತ್ರಗಳಲ್ಲಿಯೂ ಇದೇ ತೊಂದರೆಯು ಕಾಣುವುದುಂಟು. ಅದರ ಸೂತ್ರ ಮಾತ್ರ ಬೇರೆ. ಚಪ್ಪಟೆ ಪಟ್ಟಾದ ಗಾಲಿಯ ನಡುಭಾಗವು ತುಸು ಉಬ್ಬಿರುವುದು. ಪಟ್ಟಾ ಉಬ್ಬಿನಿಂದ ಕೆಳಕ್ಕೆ ಜಾರುವುದೆಂದು ಯಾರಿಗಾದರೂ ತೋರುವುದು. ನಡೆಯುವುದು ಅದರ ವಿರುದ್ಧ. ಇಳಿಜಾರಿನ ಮೇಲೆ ಕುಳಿತ ಪಟ್ಟಾ ಬಾಗುವಾಗ ಅದರ ಹಿಂದೆ ಬರುತ್ತಿರುವ ಭಾಗವು ದೊಡ್ಡ ಸುತ್ತಳತೆಯ ಕಡೆಗೆ ತಿರುಗುವುದು. ಪ್ರತಿಯೊಂದು ಸುತ್ತಿನಲ್ಲಿಯೂ ಅದು ಮೊದಲಿಗಿಂತ ತುಸು ಎತ್ತರದಲ್ಲಿ ಬಂದು ಕೂರುತ್ತ, ಕೊನೆಗೆ ಉಬ್ಬಿನ ನೆತ್ತಿಯ ಮೇಲೆ ನಿಲ್ಲುವುದು. ಉಬ್ಬು ಸವೆದು ಗಾಲಿಯು ಸಮತಟ್ಟಾದರೆ, ಇಲ್ಲವೆ ಕೆಸರು ಒಂದು ಅಂಚಿನಲ್ಲಿ ಮೆತ್ತಿಕೊಂಡು ಆ ಅಂಚೇ ದೊಡ್ಡದಾದರೆ, ಪಟ್ಟಾ ಅತ್ತ ಏರಿ ಹೊರಬೀಳುವುದು. ಟ್ರ್ಯಾಕ್ಟರನ್ನು ಯಂತ್ರಕ್ಕೆ ನೇರವಾಗಿ ನಿಲ್ಲಿಸದೆ ಓರೆಯಾಗಿ ನಿಲ್ಲಿಸಿದರೂ ಅದೇ ಫಲ.

ಓಡುತ್ತಿರುವ ಪಟ್ಟಾವನ್ನು ಕೈಯಿಂದಲೋ ಬಡಿಗೆಯಿಂದಲೋ ನೂಕಿ ನಡುವಿಗೆ ತರುವ ಅಭ್ಯಾಸವನ್ನು ಆಳುಗಳಿಗೆ ಸರ್ವಥಾ ಬಿಡಿಸಬೇಕು. ರಾಶಿಯ ಯಂತ್ರಗಳಿಂದ ಆಗುತ್ತಿದ್ದ ಅಂಗಹಾನಿಗಳನ್ನು ತಡೆಯಲೆಂದೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯು ಆಯಿತು. ಯಂತ್ರವನ್ನು ಬಾಡಿಗೆಗೆ ತರಿಸುವ ಜಮೀನುದಾರರು ಪಟ್ಟಾದ ಮೇಲಿನ ಜಾಲರಿಯು ಇದೆಯೋ ಇಲ್ಲವೋ ಎಂಬುದನ್ನು ಕಣದಲ್ಲಿ ಮೊದಲೇ ನೋಡಿಕೊಳ್ಳತಕ್ಕದ್ದು.

ದಾರಿಯಲ್ಲಿ ವಾಹನದ ಬ್ಯಾಟರಿ ದೀಪವು ಹೊತ್ತಿ, ಅದರೊಡನೆ ಸ್ಟಿಯರಿಂಗು ಭಾರವಾದರೆ ಪಟ್ಟಾ ಹೋಗಿದೆಯೆಂದು ಊಹಿಸಬಹುದು. ಆಗ ಉಷ್ಣತೆಯ ಮುಳ್ಳನ್ನು ನೋಡಿ, ಅದು ಏರುವುದಕ್ಕೆ ಮೊದಲೇ ಎಂಜಿನ್ನನ್ನು ನಿಲ್ಲಿಸತಕ್ಕದ್ದು. ಊರು ಎರಡೇ ಮೈಲಿ ಉಳಿದಿದೆಯೆಂದು ಓಡಿಸಿದವರ ಎಂಜಿನ್ನಿನ ಹೆಡ್ಡು ಡೊಂಕಾದುದುಂಟು. ಕಾದ ರೇಡಿಯೇಟರಿನ ಮುಚ್ಚಳವನ್ನು ಒಡನೆಯೇ ತೆರೆಯಬಾರದು.

ಪಟ್ಟಾ ಹಾಕಿದ ತಾರೀಖು, ಆಗಿನ ಕಿಲೋಮೀಟರು, ಪಟ್ಟಾದ ಅಂಕೆ, ಅದಕ್ಕೆ ಮುಂಚೆ ಎಂಜಿನ್ನಿನ ಮುಂಬದಿಯಲ್ಲಿ ನಡೆದ ಯಾವುದೇ ರಿಪೇರಿ, ಇವನ್ನು ವಾಹನದ ಕಾಗದಗಳೊಡನೆ ಒಂದು ಹಾಳೆಯಲ್ಲಿ ಬರೆದಿಡತಕ್ಕದ್ದು. ಹಳೆಯ ಪಟ್ಟಾ ಇನ್ನೂ ಗಾಲಿಗಳ ಮೇಲೆ ಇರುವಾಗಲೇ ಅದು ಸುತ್ತುವ ದಾರಿಯ ನಕ್ಷೆಯನ್ನೂ ಅದೇ ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳಬೇಕು. ಪಟ್ಟಾ ಬಿದ್ದುಹೋದ ಮೇಲೆ ಅದು ಯಾವ ಗಾಲಿಯ ಮೇಲಿಂದ, ಯಾವುದರ ಕೆಳಗಿಂದ ಬರುತ್ತಿತ್ತೆಂಬುದು ಮೇಸ್ತ್ರಿಗೂ ಸುಲಭವಾಗಿ ನೆನಪಾಗುವುದಿಲ್ಲ.